ಕಟ್ಟೆ ಮೇಲಿನ ತೀರ್ಪು ಯಾರ ಫೋನಿನಲ್ಲೂ ಇಲ್ಲ

ಪ್ರತಿ ವರ್ಷ ಜೂನ್ 26 ಬಂದರೆ ನಮ್ಮ ಫೋನಿಗೆ ಒಂದೇ ಥರದ ಫೋಟೊಗಳು ಬರುತ್ತವೆ. ಕಾಲೇಜು ಹುಡುಗರು ಬ್ಯಾನರ್ ಹಿಡಿದು ನಿಂತಿರುತ್ತಾರೆ, ಮಧ್ಯದಲ್ಲಿ ಶಾಲು ಹೊದ್ದ ಅತಿಥಿಗಳು, ಬ್ಯಾನರ್ ಮೇಲೆ ಮಾದಕ ವಸ್ತು ವಿರೋಧಿ ದಿನಾಚರಣೆ ಅಂತ ದಪ್ಪ ಅಕ್ಷರ. ಅದಕ್ಕೆ ನಾವು ನಾಲ್ಕು ಸಾಲು ಬರೆದು ಕಳಿಸುತ್ತೇವೆ. ಹಿಂದಿನ ವರ್ಷದ ಸುದ್ದಿಯನ್ನೇ ತೆಗೆದು ಅತಿಥಿಗಳ ಹೆಸರು ಬದಲಾಯಿಸಿದರೂ ಡೆಸ್ಕಿನವರಿಗೆ ಗೊತ್ತಾಗಲ್ಲ. ಒಂದು ಸಲ ಹಾಗೆ ಮಾಡಿದ್ದೂ ಉಂಟು, ಒಪ್ಪಿಕೊಳ್ಳುತ್ತೇವೆ.

ಉಳಿದ ದಿನಗಳಲ್ಲಿ ಬರೋದು ಪೊಲೀಸರ ಪ್ರಕಟಣೆ. ಇಂಥ ಊರಿನ ಚಿಲ್ಲರೆ ಅಂಗಡಿಯ ಮುಂದೆ ಮದ್ಯ ಕುಡಿಯಲು ಸ್ಥಳಾವಕಾಶ ಮಾಡಿಕೊಟ್ಟಿದ್ದರು, 90 ಎಂ.ಎಲ್. ಟೆಟ್ರಾ ಪ್ಯಾಕೆಟ್ ಇಷ್ಟು, ಖಾಲಿ ಪ್ಲಾಸ್ಟಿಕ್ ಲೋಟ ಇಷ್ಟು, ನೀರಿನ ಬಾಟಲಿ ಒಂದು ವಶ. ಅದನ್ನೂ ಹಾಗೇ ಹಾಕುತ್ತೇವೆ. ನಮ್ಮ ಕಡೆಯ ಕುಡಿತದ ಚರಿತ್ರೆ ಅಂತ ಮುಂದಿನವರು ಹುಡುಕಿದರೆ ಸಿಗೋದು ಇವೆರಡೇ, ಬ್ಯಾನರ್ ಮತ್ತು ಪ್ಲಾಸ್ಟಿಕ್ ಲೋಟ. ಇವೆರಡರ ನಡುವೆ ಊರೂರಿನ ಅರಳಿಕಟ್ಟೆ ಮೇಲೆ ಕುಡಿತದ ಬಗ್ಗೆ ನಡೆದ ನೂರಾರು ಪಂಚಾಯ್ತಿಗಳು, ಹಾಕಿದ ದಂಡ, ಮಾಡಿಸಿದ ಆಣೆ, ಮುಚ್ಚಿಸಿದ ಅಂಗಡಿ ಯಾವುದಕ್ಕೂ ಒಂದು ಚೀಟಿಯ ಆಧಾರವೂ ಇಲ್ಲ. ಇರೋದು ಕೆಲವರ ನೆನಪಿನಲ್ಲಿ ಮಾತ್ರ. ಆ ಕೆಲವರಿಗೆ ಈಗ 70 ದಾಟಿದೆ.

ಇದು ನಮ್ಮ ತಲೆಗೆ ಹತ್ತಿದ್ದು ಒಂದು ರಾತ್ರಿ. ಗೌನಿಪಲ್ಲಿ ಕಡೆಯ ಒಂದು ಊರು, ಹೆಸರು ಹೇಳೋದಿಲ್ಲ. ಮಾವಿನ ತೋಪಿನಲ್ಲಿ ಒಬ್ಬ ಹುಡುಗನ ಹತ್ತಿರ ಗಾಂಜಾ ಪೊಟ್ಟಣ ಸಿಕ್ಕಿತ್ತು. ವಯಸ್ಸು 17. ರಾತ್ರಿ ಕಟ್ಟೆ ಹತ್ತಿರ ಜನ ಸೇರಿದರು, ಯಾರೋ ಫೋನ್ ಮಾಡಿದರು, ನಾವೂ ಹೋದೆವು. ಅಲ್ಲಿ ಇದ್ದದ್ದು ಎರಡೇ ಅಭಿಪ್ರಾಯ. ಕಂಬಕ್ಕೆ ಕಟ್ಟಿ ನಾಲ್ಕು ಬಿಟ್ಟು ವಿಡಿಯೊ ಮಾಡಿ ಗ್ರೂಪಿಗೆ ಹಾಕೋಣ ಅನ್ನೋದು ಒಂದು. ಸ್ಟೇಷನ್ನಿಗೆ ಒಪ್ಪಿಸಿಬಿಡೋಣ ಅನ್ನೋದು ಇನ್ನೊಂದು. ಹತ್ತು ಮೊಬೈಲಿನ ಟಾರ್ಚು ಹುಡುಗನ ಮುಖದ ಮೇಲಿತ್ತು. ಕಟ್ಟೆಯ ಅಂಚಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು, "ಕಟ್ಟಿಹಾಕೀನೂ ನೋಡಿದ್ದೀವಿ, ದಂಡ ಹಾಕೀನೂ ನೋಡಿದ್ದೀವಿ ನಾಯನಾ. ಏನಾಯ್ತು ಅಂತ ಯಾರಾದ್ರೂ ಕೇಳಿದ್ದೀರಾ?" ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಮಳೆ ಬಂತು, ಜನ ಚದುರಿದರು. ಮಾರನೇ ದಿನ ತಾಯಿ ಹುಡುಗನನ್ನು ತನ್ನ ತವರಿಗೆ ಕಳಿಸಿಬಿಟ್ಟಳಂತೆ.

ನಾವು ಮಾತ್ರ ಅಜ್ಜಿ ಮನೆಗೆ ಹೋದೆವು.

ಅಜ್ಜಿ ಹೇಳಿದ್ದನ್ನು ಹೇಳೋ ಮೊದಲು ಸ್ವಲ್ಪ ಹಿಂದಿನದು. ನಮ್ಮ ಹೋಬಳಿಗೆ ಗಡಿ ಹತ್ತಿರ. ಟೊಮ್ಯಾಟೊ ಮದನಪಲ್ಲಿ ಮಂಡಿಗೂ ಹೋಗುತ್ತೆ, ಹೆಣ್ಣು ಕೊಡೋದು ತರೋದೂ ಆ ಕಡೆಗೆ ಉಂಟು. ಹಾಗಾಗಿ ಆ ಕಡೆಯ ಗಾಳಿ ಈ ಕಡೆಗೆ ಬೀಸದೆ ಇರಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರಾತ್ರಿ ಶಾಲೆಗೆ ಅಕ್ಷರ ಕಲಿಯೋಕೆ ಹೋಗುತ್ತಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ರೋಸಮ್ಮ ಅನ್ನೋ ಹೆಣ್ಣುಮಗಳ ಹೆಸರು ಆಂಧ್ರ ಪೂರ್ತಿ ಗೊತ್ತಾಯಿತು. ಊರಿಂದ ಊರಿಗೆ ಹಬ್ಬಿ, 1993ರ ಅಕ್ಟೋಬರಿನಲ್ಲಿ ಅಲ್ಲಿ ಸಾರಾಯಿಯೇ ನಿಷೇಧವಾಯಿತು. 1995ರಲ್ಲಿ ಎನ್.ಟಿ. ರಾಮರಾವ್ ಪೂರ್ತಿ ಪಾನನಿಷೇಧ ತಂದರು, 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಅದನ್ನು ಸಡಿಲಿಸಿತು. ಇಷ್ಟನ್ನು ಪುಸ್ತಕದಲ್ಲಿ ಓದಬಹುದು. ಆದರೆ ಅಲ್ಲಿ ಬಂದ್ ಆದಾಗ ಗಡಿಯ ಈ ಕಡೆ ಏನಾಯಿತು? ಅದನ್ನು ಅಜ್ಜಿ ಒಂದೇ ಮಾತಿನಲ್ಲಿ ಹೇಳಿದಳು, "ಅಲ್ಲಿ ಅಂಗಡಿ ಮುಚ್ಚಿದ್ರು, ಇಲ್ಲಿ ಜಾತ್ರೆ ಆಯ್ತು." ಆಂಧ್ರದಿಂದ ಸಂಜೆ ಸೈಕಲ್ಲಿನಲ್ಲಿ ಬಂದು ಕುಡಿದು ದಾರಿಯಲ್ಲೇ ಬೀಳುತ್ತಿದ್ದರಂತೆ. ಪಾಕೆಟ್ ಸಾರಾಯಿ ಮಾರೋರು ಹೆಚ್ಚಾದರು. ಆಗ ಇವರ ಊರಿನಲ್ಲಿ ಹೆಂಗಸರು ಕಟ್ಟೆ ಹತ್ತಿದ್ದು.

ಕಟ್ಟೆ ಹತ್ತೋದು ಅಂದರೆ ಸುಮ್ಮನೆ ಅಲ್ಲ. ಅದುವರೆಗೆ ಅಲ್ಲಿ ಕೂರುತ್ತಿದ್ದವರು ಗಂಡಸರು. ಇವರು ಪೊರಕೆ ಹಿಡಿದು ಹೋಗಿ ಕೂತರು. ನಿಯಮ ಅವರೇ ಮಾಡಿದರು. ಕುಡಿದು ಹೆಂಡತಿಗೆ ಹೊಡೆದವನಿಗೆ ಇಷ್ಟು ದಂಡ, ಪಾಕೆಟ್ ತಂದು ಮಾರಿದವರಿಗೆ ಅದರ ಹತ್ತರಷ್ಟು. ಮೂರನೇ ಸಲ ಸಿಕ್ಕಿದರೆ ಗುಡಿ ಮುಂದೆ ಕರ್ಪೂರ ಹಚ್ಚಿ ಆಣೆ.

ಇಲ್ಲಿಯವರೆಗೆ ಕೇಳಿದರೆ ಒಳ್ಳೆ ಸುದ್ದಿ. ಹೆಡ್‌ಲೈನ್ ಕೂಡ ನಮ್ಮ ತಲೆಯಲ್ಲಿ ರೆಡಿಯಾಗಿತ್ತು. ಅಜ್ಜಿ ನಿಲ್ಲಿಸಲಿಲ್ಲ. ಆರು ತಿಂಗಳಾದ ಮೇಲೆ ಅವರಿಗೆ ಗೊತ್ತಾಯಿತಂತೆ, ದಂಡ ಕಟ್ಟುತ್ತಿದ್ದದ್ದು ಕುಡುಕ ಅಲ್ಲ, ಅವನ ಹೆಂಡತಿ. ಕಳೆ ಕಿತ್ತ ಕೂಲಿಯಲ್ಲಿ, ಮೇಕೆ ಮಾರಿದ ದುಡ್ಡಿನಲ್ಲಿ, ಒಬ್ಬಳಂತೂ ಕಿವಿಯ ಓಲೆ ಅಡ ಇಟ್ಟು. "ಹೊಡೆಸಿಕೊಂಡೋಳೂ ಅವಳೇ, ದಂಡ ಕಟ್ಟಿದೋಳೂ ಅವಳೇ. ನಾವು ಕಟ್ಟೆ ಮೇಲೆ ಕೂತು ಅವಳ ದುಡ್ಡು ಎಣಿಸ್ತಾ ಇದ್ವಿ." ಗೊತ್ತಾದ ಮೇಲೆ ದಂಡ ಬಿಟ್ಟರು. ಬದಲಿಗೆ ಕೆಲಸ ಕೊಡೋ ರೈತರನ್ನು ಕಟ್ಟೆಗೆ ಕರೆಸಿ, ಇಂಥಿಂಥವರ ಕೂಲಿಯನ್ನು ಅವರ ಕೈಗೆ ಕೊಡಬೇಡಿ, ಮನೆಯವಳ ಕೈಗೆ ಕೊಡಿ ಅಂತ ಒಪ್ಪಿಸಿದರು. ಕೆಲವರ ಮನೆಯಲ್ಲಿ ಅದು ನಡೆಯಿತು. ಕೆಲವರ ಮನೆಯಲ್ಲಿ ದುಡ್ಡು ಕಿತ್ತುಕೊಳ್ಳೋಕೆ ಇನ್ನೂ ಜಾಸ್ತಿ ಹೊಡೆತ ಬಿತ್ತು. ಎರಡನ್ನೂ ಅಜ್ಜಿ ಹೇಳಿದಳು.

ಆ ರಾತ್ರಿ ಕಟ್ಟೆ ಮೇಲೆ ನಿಂತು ದಂಡ ಹಾಕಿ ದಂಡ ಹಾಕಿ ಅಂತ ಕೂಗುತ್ತಿದ್ದ ಹುಡುಗರಿಗೆ ಇದು ಗೊತ್ತಿದ್ದಿದ್ದರೆ? ಅದೇ ಊರು, ಅದೇ ಕಟ್ಟೆ. ಊರು ಒಂದು ಸಲ ಪೆಟ್ಟು ತಿಂದು ಕಲಿತ ಪಾಠ 30 ವರ್ಷದಲ್ಲಿ ಒಬ್ಬ ಅಜ್ಜಿಯ ಬಾಯಿಗೆ ಇಳಿದುಬಿಟ್ಟಿದೆ. ಅದಕ್ಕೇ ನಾವು ಹೇಳೋದು, ಇಂಥವರ ಮಾತನ್ನು ಈಗಲೇ ರೆಕಾರ್ಡ್ ಮಾಡಬೇಕು. ಸನ್ಮಾನ ಮಾಡಿ ಶಾಲು ಹೊದಿಸೋಕಲ್ಲ. ಕಟ್ಟೆ ಮತ್ತೆ ಸೇರುತ್ತಿದೆ, ಈ ಸಲ ಗಾಂಜಾಕ್ಕೆ.

ಅಜ್ಜಿಯೊಬ್ಬಳದ್ದೇ ರೆಕಾರ್ಡ್ ಮಾಡಿಕೊಂಡು ಬಂದಿದ್ದರೂ ನಾವು ತಪ್ಪು ಮಾಡುತ್ತಿದ್ದೆವು. ಅದೇ ಊರಿನ ಕಾಲೊನಿಯಲ್ಲಿ ಆ ಕಟ್ಟೆ ಮುಂದೆ ಎರಡು ಸಲ ನಿಂತ ಒಬ್ಬರಿದ್ದಾರೆ. ಈಗ ಕುಡಿಯಲ್ಲ, ಬಿಟ್ಟು ಬಹಳ ವರ್ಷವಾಯಿತು. ಅವರು ಕೇಳಿದ ಪ್ರಶ್ನೆ ಒಂದೇ. "ಅಣ್ಣಾ, ಆ ಕಟ್ಟೆ ಮುಂದೆ ನಿಂತೋರಲ್ಲಿ ನಮ್ಮೋರು ಎಷ್ಟು ಜನ, ಊರೊಳಗಿನೋರು ಎಷ್ಟು ಜನ ಅಂತ ಅಜ್ಜೀನ ಕೇಳಿದ್ರಾ?" ಕೇಳಿರಲಿಲ್ಲ. ಊರೊಳಗಿನ ದೊಡ್ಡವರ ಮಕ್ಕಳು ತೋಪಿನಲ್ಲಿ ಬಾಟಲಿ ಬ್ರಾಂದಿ ಕುಡಿದರೆ ಅದು ಕಟ್ಟೆಗೆ ಬರುತ್ತಿರಲಿಲ್ಲವಂತೆ, ಪಾಕೆಟ್ ಕುಡಿದೋರು ಮಾತ್ರ ಬರುತ್ತಿದ್ದರಂತೆ. ವಾಪಸ್ ಹೋಗಿ ಅಜ್ಜಿಯನ್ನು ಕೇಳಿದೆವು. ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿಯುತ್ತಾ ಕೂತಿದ್ದು, "ಅವರ ಹೊಲದಲ್ಲೇ ನಾವು ಕೂಲಿಗೆ ಹೋಗಬೇಕಿತ್ತಲ್ಲಪ್ಪಾ" ಅಂದಳು. ಅಜ್ಜಿಯದ್ದೂ ಸುಳ್ಳಲ್ಲ, ಇವರದ್ದೂ ಸುಳ್ಳಲ್ಲ. ಒಂದೇ ಇಟ್ಟುಕೊಂಡರೆ ಮಾತ್ರ ಸುಳ್ಳಾಗುತ್ತೆ.

ಮೂರನೆಯವರು ಪಾಕೆಟ್ ಮಾರುತ್ತಿದ್ದ ಹೆಂಗಸು. ಗಂಡ ಸತ್ತ ಮೇಲೆ ಎರಡು ಮಕ್ಕಳನ್ನು ಸಾಕೋಕೆ ಕಂಟ್ರಾಕ್ಟರ್ ಕಡೆಯವರಿಂದ ತಂದು ಮಾರುತ್ತಿದ್ದವರು. ಕಟ್ಟೆಯವರು ಅವರ ಗುಡಿಸಿಲಿನ ಸೂರು ಕಿತ್ತರು. ಕಂಟ್ರಾಕ್ಟರ್ ಮನೆಯ ಹೆಂಚು ಒಂದೂ ಅಲುಗಲಿಲ್ಲ. ಅವರು ನಮ್ಮ ಹತ್ತಿರ ಇನ್ನೂ ಪೂರ್ತಿ ಮಾತಾಡಿಲ್ಲ. ಮಾತಾಡಲ್ಲ ಅಂದರೆ ಅದೂ ಅವರ ಹಕ್ಕು.

ಕಟ್ಟೆ ನ್ಯಾಯವನ್ನು ಹೊಗಳೋಕೆ ನಾವು ಇದನ್ನು ಬರೆಯುತ್ತಿದ್ದೇವೆ ಅಂದುಕೊಳ್ಳಬೇಡಿ. ಕಟ್ಟೆಗೆ ಯಾರನ್ನೂ ಕಟ್ಟಿಹಾಕೋ, ಹೊಡೆಯೋ, ಊರಿಂದ ಹೊರಗಿಡೋ ಅಧಿಕಾರ ಕಾನೂನಿನಲ್ಲಿ ಇಲ್ಲ. 2011ರಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಟ್ಟಪಂಚಾಯ್ತಿಗಳು ಕಾನೂನುಬಾಹಿರ ಅಂತ ಸ್ಪಷ್ಟವಾಗಿ ಹೇಳಿದೆ. ಆ ರಾತ್ರಿ ಹುಡುಗನ ವಿಡಿಯೊ ಮಾಡಿ ಹಂಚಿದ್ದರೆ ಹಂಚಿದವರ ಮೇಲೆಯೇ ಕೇಸು ಆಗಬಹುದಿತ್ತು. 18 ತುಂಬದ ಮಕ್ಕಳು ಇಂಥ ಪ್ರಕರಣದಲ್ಲಿ ಸಿಕ್ಕಿಕೊಂಡರೆ ಅವರ ಗುರುತು ಹೊರಗೆ ಬಿಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತೆ.

ಹಾಗಂತ ಸ್ಟೇಷನ್ನಿಗೆ ಒಪ್ಪಿಸಿದರೆ ಎಲ್ಲ ಸರಿಹೋಯಿತಾ? 1985ರ ಮಾದಕ ವಸ್ತು ಕಾಯ್ದೆ, ನಾವು ಎನ್‌ಡಿಪಿಎಸ್ ಅನ್ನುತ್ತೇವಲ್ಲ, ಅದರಲ್ಲಿ ಜೈಲು ಮಾತ್ರ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಸೇದಿದ್ದಕ್ಕೆ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಸಿಕ್ಕಿದವನು ಚಟಕ್ಕೆ ಬಿದ್ದವನಾಗಿದ್ದರೆ, ಶಿಕ್ಷೆ ಕೊಡೋ ಬದಲು ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳಿಸೋ ಅಧಿಕಾರ ನ್ಯಾಯಾಲಯಕ್ಕೆ 39ನೇ ಕಲಂನಲ್ಲಿ ಇದೆ. ತಾನಾಗಿಯೇ ಚಿಕಿತ್ಸೆಗೆ ಬಂದವನಿಗೆ ಮೊಕದ್ದಮೆಯಿಂದ ರಕ್ಷಣೆ 64ಎ ಕಲಂನಲ್ಲಿ ಇದೆ. ಗಾಂಜಾದಲ್ಲಿ ಸಣ್ಣ ಪ್ರಮಾಣ ಅಂದರೆ ಒಂದು ಕೆ.ಜಿ.ವರೆಗೆ. ಕಟ್ಟೆ ಮೇಲೆ ಕೂತವರಿಗೆ ಇದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ರಾತ್ರಿ ನಮಗೂ ಗೊತ್ತಿರಲಿಲ್ಲ, ಆಮೇಲೆ ಓದಿದ್ದು. ಜರ್ನಲಿಸಂ ಡಿಪ್ಲೊಮಾದಲ್ಲಿ ಎಫ್‌ಐಆರ್ ಓದೋದು ಹೇಳಿಕೊಟ್ಟರು, ಇದನ್ನು ಹೇಳಿಕೊಡಲಿಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ಬೇರೆ ಕೋರ್ಟು ಮಾಡಿದ್ದಾರೆ. 1989ರಲ್ಲಿ ಫ್ಲೋರಿಡಾದ ಮಯಾಮಿಯಲ್ಲಿ ಮೊದಲನೆಯದು ಶುರುವಾಯಿತು. ಸಿಕ್ಕಿಬಿದ್ದವನು ಚಿಕಿತ್ಸೆ ತಗೋಬೇಕು, ಆಗಾಗ ಮೂತ್ರ ಪರೀಕ್ಷೆ ಕೊಡಬೇಕು, ಜಡ್ಜ್ ಮುಂದೆ ಬಂದು ಹೇಗಿದ್ದೀನಿ ಅಂತ ಹೇಳಬೇಕು. ಪೂರ್ತಿ ಮಾಡಿದರೆ ಕೇಸು ಕೈಬಿಡುತ್ತಾರೆ. ನಮ್ಮ ಅಜ್ಜಿಯ ಕಟ್ಟೆಯೂ ಒಂಥರಾ ಅದೇ ಅಲ್ಲವಾ ಅಂತ ಅನ್ನಿಸುತ್ತೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಎಷ್ಟು ಜನ ಬಂದರು, ಎಷ್ಟು ಜನ ಮತ್ತೆ ಸಿಕ್ಕಿಬಿದ್ದರು ಅಂತ ಕಾಗದ ಉಳಿಯುತ್ತೆ, ಅದನ್ನಿಟ್ಟುಕೊಂಡು ಜನ ಜಗಳ ಆಡಬಹುದು. ನಮ್ಮ ಕಟ್ಟೆಯಲ್ಲಿ ಕಾಗದ ಇಲ್ಲ. ಚಿಕಿತ್ಸೆಯೂ ಇರಲಿಲ್ಲ. ಕುಡಿತ ಒಮ್ಮೆಲೇ ಬಿಡಿಸಿದರೆ ಕೆಲವರಿಗೆ ಕೈ ನಡುಗಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ ಆಗುತ್ತೆ ಅನ್ನೋದು ಕರ್ಪೂರ ಹಚ್ಚಿಸಿದವರಿಗೆ ಗೊತ್ತಿರಲಿಲ್ಲ. ಹಾಗೆ ಯಾರಿಗಾದರೂ ಆಗಿತ್ತಾ? ಅದನ್ನೂ ಕೇಳಬೇಕು.

ಹಳೇದೆಲ್ಲ ಯಾಕೆ ಕೆದಕುತ್ತೀರಿ, ಸಾರಾಯಿ ನಿಂತು ಎಷ್ಟೋ ವರ್ಷ ಆಯಿತಲ್ಲ ಅನ್ನೋರಿದ್ದಾರೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಸರಿ. ಆಗಿ ಒಂದು ವರ್ಷ ತುಂಬೋ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ, ನಮ್ಮದೇ ಕೋಲಾರ ಜಿಲ್ಲೆಯಲ್ಲಿ, ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಕಡೆಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಸಂಖ್ಯೆ ಪೇಪರಿನಲ್ಲಿ ಬಂತು. ಅವರ ಊರುಗಳಲ್ಲಿ ಆಮೇಲೆ ಏನು ಮಾತಾಡಿಕೊಂಡರು, ಯಾರನ್ನು ಕರೆಸಿ ಕೇಳಿದರು, ವಿಧವೆಯರು ಏನಾದರು? 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕು ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡೇ ಬಂದರು. ಒಂದು ದಿನ ಟೀವಿಯಲ್ಲಿ ಅವರ ಕಾಲಿನ ಬೊಬ್ಬೆ ತೋರಿಸಿದರು. ಊರಿಗೆ ವಾಪಸ್ ಹೋದ ಮೇಲೆ ಅವರ ಮನೆಯಲ್ಲಿ ಏನು ನಡೆಯಿತು ಅಂತ ಎಷ್ಟು ಕ್ಯಾಮೆರಾ ಹೋಯಿತು? ಹಳೇದು ಅನ್ನೋದು ಮುಗಿದವರ ಮಾತು. ನಮ್ಮಲ್ಲಿ ಮುಗಿದೇ ಇಲ್ಲ, ಪಾಕೆಟ್ ಹೋಗಿ ಟೆಟ್ರಾ ಪ್ಯಾಕೆಟ್ ಬಂದಿದೆ, ಅಷ್ಟೆ.

ಮನೆತನದ ಮರ್ಯಾದೆ ಹೋಗುತ್ತೆ ಅನ್ನೋರೂ ಇದ್ದಾರೆ. ಇವರ ಮಾತನ್ನು ನಾವು ತಳ್ಳಿಹಾಕಲ್ಲ. ಮರ್ಯಾದೆ ಕಳೆದದ್ದರಲ್ಲಿ ನಮ್ಮ ಕೈಯೂ ಇದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನಲ್ಲಿ ಕುಡುಕನೊಬ್ಬನನ್ನು ಲೈಟು ಕಂಬಕ್ಕೆ ಕಟ್ಟಿದ್ದರು. ನಾವು ಫೋಟೊ ತೆಗೆದೆವು. ಪೇಪರಿನಲ್ಲಿ ಬಂತು, ಮುಖ ಕಾಣೋ ಹಾಗೇ ಬಂತು. ಆ ದಿನ ಖುಷಿಯೂ ಆಯಿತು, ಜಿಲ್ಲಾ ಪುಟದಲ್ಲಿ ಮೇಲ್ಗಡೆ ಬಂದಿತ್ತು. ಒಂದು ತಿಂಗಳಾದ ಮೇಲೆ ಅದೇ ಊರಿನ ಮೇಷ್ಟ್ರು ಸಿಕ್ಕಿ, ಅವನ ಮಗಳು ಎಂಟನೇ ಕ್ಲಾಸು, ಫೋಟೊ ಬಂದ ದಿನದಿಂದ ಶಾಲೆಗೆ ಬಂದಿಲ್ಲ ಅಂದರು. ನಾವು ಆ ಮನೆಗೆ ಹೋಗಲಿಲ್ಲ, ಹೋಗೋ ಧೈರ್ಯ ಬರಲಿಲ್ಲ. ಈಗ ಹೋಗಬೇಕು ಅಂತಿದ್ದೇವೆ, ಕ್ಯಾಮೆರಾ ಇಲ್ಲದೆ.

ಆದ್ದರಿಂದ ನಮ್ಮ ಜಗಳ ಮೊದಲು ನಮ್ಮವರ ಜೊತೆಗೇ. ಕಂಬಕ್ಕೆ ಕಟ್ಟಿದವನ ಮೂವತ್ತು ಸೆಕೆಂಡಿನ ವಿಡಿಯೊ ಕೇಳೋ ಡೆಸ್ಕಿನವರಿಗೆ, ಅದನ್ನು ಫಾರ್ವರ್ಡ್ ಮಾಡೋ ಊರಿನ ಯುವಕ ಸಂಘದವರಿಗೆ, ಜೂನ್ 26ರ ಬ್ಯಾನರ್ ಮಾತ್ರ ಸಾಕು ಅನ್ನೋ ಇಲಾಖೆಯವರಿಗೆ ಒಂದು ಪ್ರಶ್ನೆ. ಅಜ್ಜಿಯ ಎರಡು ಗಂಟೆಯ ಮಾತಿಗೆ ಜಾಗ ಎಲ್ಲಿ? 2020ರ ಆಗಸ್ಟ್ 15ರಿಂದ ನಶಾ ಮುಕ್ತ ಭಾರತ ಅಭಿಯಾನ ನಡೆಯುತ್ತಿದೆ, ಪ್ರತಿಜ್ಞೆ ಬೋಧಿಸುತ್ತಾರೆ. ಪ್ರತಿಜ್ಞೆ ಮಾಡಿಸಿ ನೋಡಿದ ಊರುಗಳು ನಮ್ಮಲ್ಲೇ ಇವೆ, ಕರ್ಪೂರ ಹಚ್ಚಿ ಮಾಡಿಸಿದವು. ಅದು ಎಷ್ಟು ದಿನ ನಿಂತಿತು ಅಂತ ಅವರನ್ನು ಕೇಳಿದರೆ ಖರ್ಚೇನೂ ಇಲ್ಲ, ಒಂದು ಲೋಟ ಟೀ.

ಓದುತ್ತಿರೋ ನಿಮ್ಮ ಕೈಯಲ್ಲೂ ಫೋನ್ ಇದೆ. ನಿಮ್ಮ ಊರಲ್ಲೂ ಇಂಥ ಅಜ್ಜಿ ಇರುತ್ತಾಳೆ. ನಾವು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇವೆ. ವಿಡಿಯೊ ಬೇಡ, ವಾಯ್ಸ್ ರೆಕಾರ್ಡರ್ ಸಾಕು. ಮುಖ ಕಾಣಲ್ಲ ಅಂದರೆ ಬಾಯಿ ಬಿಚ್ಚುತ್ತಾರೆ. ಫ್ಲೈಟ್ ಮೋಡ್ ಹಾಕಿ, ಇಲ್ಲದಿದ್ದರೆ ಒಳ್ಳೆ ಮಾತಿನ ಮಧ್ಯೆ ಸಾಲದ ಕಂಪನಿಯ ಫೋನ್ ಬರುತ್ತೆ. ಇದನ್ನು ಯಾಕೆ ಕೇಳುತ್ತಿದ್ದೀರಿ, ಯಾರಿಗೆ ಕೇಳಿಸುತ್ತೀರಿ ಅಂತ ಮೊದಲೇ ಹೇಳಿ, ಅವರು ಹೂಂ ಅಂದದ್ದೂ ರೆಕಾರ್ಡಿನಲ್ಲಿ ಇರಲಿ. ಬೇಡ ಅನ್ನಿಸಿದರೆ ನಾಳೆಯೂ ಅಳಿಸಿಹಾಕಿ ಅನ್ನಬಹುದು ಅಂತ ತಿಳಿಸಿ. ತೆಲುಗಿನಲ್ಲಿ ಮಾತಾಡಿದರೆ ತೆಲುಗಿನಲ್ಲೇ ಬಿಡಿ. ನಾವು ಮೊದಲು ಬರೆದುಕೊಳ್ಳುವಾಗ ಎಲ್ಲವನ್ನೂ ಪೇಪರ್ ಕನ್ನಡಕ್ಕೆ ತಿರುಗಿಸಿ, ಅಜ್ಜಿಯನ್ನು ಸರ್ಕಾರಿ ಪ್ರಕಟಣೆ ಥರ ಮಾತಾಡಿಸಿಬಿಟ್ಟಿದ್ದೆವು, ಓದಿ ಹೇಳಿದರೆ "ಇದು ಯಾರು ಹೇಳಿದ್ದು?" ಅಂತ ಅವಳೇ ಕೇಳಿದಳು. ಹೆಂಗಸರ ಹತ್ತಿರ ಮಾತಾಡುವಾಗ ಮಗನೋ ಗಂಡನೋ ಪಕ್ಕದಲ್ಲಿ ಕೂತಿದ್ದರೆ ಸಿಗೋದು ಅರ್ಧ ಮಾತು. ನ್ಯಾಯ ಹೇಳಿದವರ ಹತ್ತಿರ ಹೋದರೆ, ನಿಂತವರ ಹತ್ತಿರವೂ, ಮಾರಿದವರ ಹತ್ತಿರವೂ ಹೋಗಿ. ಆಮೇಲೆ ಅದನ್ನು ಮೆಮೊರಿ ಕಾರ್ಡಿಗೆ ಹಾಕಿ ಒಂದು ಪ್ರತಿ ಹೇಳಿದವರ ಮನೆಗೇ ಕೊಡಿ. ಗ್ರೂಪಿಗೆ ಮಾತ್ರ ಹಾಕಬೇಡಿ.

ಇನ್ನೊಂದು ಎಚ್ಚರ. ಹಳೇ ಸಾರಾಯಿ ಕಾಲದ ಮಾತು ಬೇರೆ, ಈಗ ನಡೆಯುತ್ತಿರೋ ಗಾಂಜಾ ಕೇಸು ಬೇರೆ. ಕೇಸು ನಡೆಯುತ್ತಿರೋ ಹುಡುಗನ ಬಾಯಲ್ಲಿ ಎಲ್ಲ ಹೇಳಿಸಿ ಫೋನಿನಲ್ಲಿ ಇಟ್ಟುಕೊಂಡರೆ, ನಾಳೆ ಫೋನ್ ಜಪ್ತಿಯಾದಾಗ ಅದೇ ಅವನ ವಿರುದ್ಧ ಸಾಕ್ಷಿ ಆಗಬಹುದು. ಅಂಥವನಿಗೆ ಬೇಕಾಗಿರೋದು ರೆಕಾರ್ಡರ್ ಅಲ್ಲ. ಚಟ ಬಿಡಿಸೋ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡೂ ದುಡ್ಡಿಲ್ಲದೆ ಸಿಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸೋ ವಿಭಾಗವೇ ಇದೆ. ಆ 17ರ ಹುಡುಗನ ತಾಯಿಗೆ ನಂಬರ್ ಬರೆದುಕೊಟ್ಟು ಬಂದಿದ್ದೇವೆ. ಫೋನ್ ಮಾಡಿದಳಾ ಅಂತ ಕೇಳಿಲ್ಲ.

ಪಾಕೆಟ್ ಮಾರುತ್ತಿದ್ದ ಆ ಅಮ್ಮ ಮೊನ್ನೆ ಸಂತೆಯಲ್ಲಿ ಸಿಕ್ಕಿದರು. ಹುಣಸೆಹಣ್ಣು ಮಾರುತ್ತಿದ್ದರು. ನಾವು ಏನೂ ಕೇಳಲಿಲ್ಲ, ಅರ್ಧ ಕೆ.ಜಿ. ತಗೊಂಡೆವು. ಚಿಲ್ಲರೆ ವಾಪಸ್ ಕೊಡುತ್ತಾ ಅವರೇ ಅಂದರು, "ಗುರುವಾರ ಬಾ. ಆ ಅಜ್ಜಿ ಏನು ಹೇಳಿದ್ಳು ಅಂತ ಮೊದ್ಲು ನನಗೆ ಕೇಳಿಸು, ಆಮೇಲೆ ನಾನು ಹೇಳ್ತೀನಿ." ಕೇಳಿಸಬಹುದಾ ಅಂತ ಅಜ್ಜಿಯನ್ನು ಕೇಳೋಕೆ ನಾಳೆ ಬೆಳಿಗ್ಗೆ ಹೋಗುತ್ತಿದ್ದೇವೆ.